ದುಡಿಮೆ ಇಲ್ಲಿ, ಕೋರ್ಟು ಎಲ್ಲಿ?

ಗೆಳೆಯರೇ, ನಿಮ್ಮಲ್ಲಿ ಎಷ್ಟೋ ಮಂದಿ ಅಮೆರಿಕದ ಕೆಲಸದ ಮೇಲೆ ಕಣ್ಣಿಟ್ಟಿದ್ದೀರಿ. ಅಲ್ಲಿನ ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತೀರಿ. ಆ ಸಂಬಳಕ್ಕೆ ಮಾಲೀಕ ಕತ್ತರಿ ಹಾಕಿದರೆ ಯಾವ ಕೋರ್ಟಿನ ಬಾಗಿಲು ತಟ್ಟಬೇಕು ಎಂದು ಕೇಳಿದ್ದೀರಾ?

ನಮ್ಮಲ್ಲಿ ರಾಜ್ಯದ ಕಾನೂನಿಗೂ ಕೇಂದ್ರದ ಕಾನೂನಿಗೂ ಒಂದೇ ಸಾಲಿನ ಕೋರ್ಟುಗಳು. ಅಲ್ಲಿ ಹಾಗಲ್ಲ. ರಾಜ್ಯದ ಕೋರ್ಟು ಬೇರೆ, ಫೆಡರಲ್ ಕೋರ್ಟು ಬೇರೆ. ಕೊಟ್ಟ ಕೂಲಿಯನ್ನು ಮಾಲೀಕ ಮರಳಿ ಕಿತ್ತುಕೊಳ್ಳಕೂಡದು ಎನ್ನುವುದು ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 221ನೇ ಕಲಮು. ಯಾವ ಕಡಿತ ಸರಿ, ಯಾವುದು ತಪ್ಪು ಎಂದು ಗೆರೆ ಎಳೆಯುವುದು ನ್ಯೂಯಾರ್ಕಿನ 193ನೇ ಕಲಮು. ಇವು ರಾಜ್ಯಗಳು ಮಾಡಿಕೊಂಡ ಕಾನೂನು. ಕಾರ್ಮಿಕ ತನ್ನ ರಾಜ್ಯದ ಕೋರ್ಟಿಗೇ ಹೋಗುತ್ತಾನೆ. ಕಂಪನಿ ಸುಮ್ಮನಿರುತ್ತದೆಯೇ? 30 ದಿನದೊಳಗೆ ಕೇಸನ್ನು ಫೆಡರಲ್ ಕೋರ್ಟಿಗೆ ಎಳೆದೊಯ್ಯಲು ನೋಡುತ್ತದೆ.

ಎಳೆಯಲು ದಾರಿಗಳಿವೆ. ಕಾರ್ಮಿಕನೂ ಕಂಪನಿಯೂ ಬೇರೆಬೇರೆ ರಾಜ್ಯದವರಾಗಿ, ಮೊತ್ತ 75,000 ಡಾಲರ್ ಮೀರಿರಬೇಕು. ಒಬ್ಬನ ಕಡಿತ ಅಷ್ಟಾಗುವುದು ಅಪರೂಪ. ಆದರೆ 2005ರ ಕಾನೂನಿನ ಪ್ರಕಾರ, 100 ಅಥವಾ ಹೆಚ್ಚು ಮಂದಿಯ ಪರವಾಗಿ ಹೂಡಿದ ಒಂದೇ ದಾವೆಯಲ್ಲಿ ಒಟ್ಟು ಮೊತ್ತ 50 ಲಕ್ಷ ಡಾಲರ್ ಮೀರಿ, ಅವರಲ್ಲಿ ಒಬ್ಬನಾದರೂ ಕಂಪನಿಗಿಂತ ಬೇರೆ ರಾಜ್ಯದವನಾದರೆ ಬಾಗಿಲು ತೆರೆಯಿತು!

ಯಾವ ಕೋರ್ಟಾದರೇನು ಎನ್ನಬೇಡಿ. ಕ್ಯಾಲಿಫೋರ್ನಿಯಾದ ಸಿವಿಲ್ ಕೇಸಿನಲ್ಲಿ 12 ಜೂರಿಗಳಲ್ಲಿ 9 ಮಂದಿ ಒಪ್ಪಿದರೆ ಸಾಕು. ಫೆಡರಲ್ ಕೋರ್ಟಿನಲ್ಲಿ, ಎರಡೂ ಕಡೆಯವರು ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ, ಎಲ್ಲರೂ ಒಪ್ಪಬೇಕು. ಗೆಲುವು ಅಷ್ಟು ದೂರ.

ಹರ್ಟ್ಜ್ ಎಂಬ ಬಾಡಿಗೆ ಕಾರು ಕಂಪನಿಯ ಕೇಸು ನೋಡಿ. ಕೂಲಿ ಕಾನೂನು ಮುರಿದಿದೆ ಎಂದು ಕ್ಯಾಲಿಫೋರ್ನಿಯಾದ ನೌಕರರು ಅಲ್ಲಿಯ ರಾಜ್ಯ ಕೋರ್ಟಿಗೆ ಹೋದರು. ಕಂಪನಿಯ 11,230 ಪೂರ್ಣಾವಧಿ ನೌಕರರಲ್ಲಿ ಸುಮಾರು 2,300 ಮಂದಿ ಆ ರಾಜ್ಯದವರೇ. ಆದರೂ ಕಂಪನಿ, 'ನಾವು ನ್ಯೂಜೆರ್ಸಿಯವರು' ಎಂದಿತು. 2010ರಲ್ಲಿ ಸುಪ್ರೀಂ ಕೋರ್ಟು, ಕಂಪನಿಯ ಮುಖ್ಯ ನೆಲೆ ಎಂದರೆ ಅದನ್ನು ನಡೆಸುವ ಮಿದುಳು ಇರುವ ಜಾಗ ಎಂದು ಹೇಳಿತು. ಬೆವರು ಸುರಿದ ಜಾಗ ಲೆಕ್ಕಕ್ಕೆ ಬರಲಿಲ್ಲ!

ಕೈಚೆಲ್ಲಬೇಕಿಲ್ಲ. ಫೆಡರಲ್ ಕೋರ್ಟಿನಲ್ಲಿ ನಡೆದರೂ ರಾಜ್ಯದ ಹಕ್ಕಿಗೆ ರಾಜ್ಯದ ಕಾನೂನೇ ಅಳತೆಗೋಲು. 1938ರಿಂದ ಇದು ಗಟ್ಟಿ ನಿಯಮ. ದಾವೆಯಲ್ಲಿ ಕೇಂದ್ರದ ಕಾನೂನೂ ಸೇರಿದೆ ಎಂಬ ಒಂದೇ ಕಾರಣಕ್ಕೆ ಕೇಸನ್ನು ಎಳೆದೊಯ್ದಿದ್ದರೆ, ಆ ಭಾಗವನ್ನು ಕೈಬಿಟ್ಟಾಗ ಉಳಿದದ್ದು ರಾಜ್ಯ ಕೋರ್ಟಿಗೆ ಮರಳಬೇಕು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಇದು. ಅದು ಸಾಕುಪ್ರಾಣಿಗಳ ಆಹಾರದ ಕೇಸು, ಆದರೆ ನಿಯಮ ಕೂಲಿಗೂ ಅನ್ವಯ.

ಆದ್ದರಿಂದ ಗೆಳೆಯರೇ, ದಾವೆ ಬರೆಯುವ ದಿನವೇ ವಕೀಲರನ್ನು ಕೇಳಿ: ಇದರಲ್ಲಿ ಯಾವ ಕಾನೂನು ಸೇರಿಸುತ್ತಿದ್ದೀರಿ, ಏಕೆ? ಕಾಗದದ ಆ ಒಂದು ಸಾಲು ನಿಮ್ಮ ಕೋರ್ಟನ್ನೇ ಬದಲಿಸಬಲ್ಲದು. ಹಕ್ಕು ನಿಮ್ಮದು. ಬಾಗಿಲನ್ನು ಮಾಲೀಕನೇ ಆರಿಸಲು ಬಿಡಬೇಡಿ.