ಔಷಧಿ ಅಂಗಡಿಯ ಒಳಗೆ ನಿಲ್ಲುವವರು ಯಾರು?



ಹಾಸ್ಟೆಲಿನ ತಮ್ಮನೊಬ್ಬ ಮೊನ್ನೆ ಕೇಳಿದ: "ಅಣ್ಣಾ, ಫಾರ್ಮಸಿಗೆ ಅರ್ಜಿ ಹಾಕೋಣ ಅಂತಿದೀನಿ. ನಾನು ಅದಕ್ಕೆ ಲಾಯಕ್ಕಾ?" ಬಿ.ಎ. ಮಾಡಿ ಪದ್ಯ ಬರೆಯುವವನನ್ನು ಈ ಪ್ರಶ್ನೆ ಕೇಳಿದ್ದೇ ತಮಾಷೆ. ಆದರೆ 'ಲಾಯಕ್ಕು' ಎಂಬ ಮಾತು ನನಗೆ ನಿದ್ದೆ ಕೊಡಲಿಲ್ಲ. ಈ ಮಾತನ್ನು ನಮ್ಮ ಹುಡುಗರ ಬಾಯಿಗೆ ತುರುಕಿದವರು ಯಾರು?

ಲೆಕ್ಕಾಚಾರ ಮೊದಲು ಮುಗಿಸೋಣ. ಬಿ.ಫಾರ್ಮ ನಾಲ್ಕು ವರ್ಷ, ಅದಕ್ಕೆ ಸಿ.ಇ.ಟಿ. ಬರೆಯಬೇಕು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೊತೆಗೆ ಗಣಿತವೋ ಜೀವಶಾಸ್ತ್ರವೋ ಇರಬೇಕು. ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ, ನಮಗೆ ಶೇ. 40. ಈ ಐದನ್ನು ಹಿಡಿದುಕೊಂಡು ಹಂಗಿಸುವ ಮಹಾಶಯರಿದ್ದಾರೆ. ಅದು ಬರೀ ಹೊಸ್ತಿಲು. ಸೀಟು ಸಿಗುವುದು ರ್‍ಯಾಂಕಿನಿಂದ. ಹಾಗಾಗಿ ನಲವತ್ತು ಬಂದರೆ ಸಾಕೆಂದು ಕೂರಬೇಡಿ. ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿದವನು ಇಂಗ್ಲಿಷಿನ ರಸಾಯನಶಾಸ್ತ್ರ ಕಂಡು ಬೆಚ್ಚುತ್ತಾನೆ. ಅದು ದಡ್ಡತನವಲ್ಲ, ಭಾಷೆಯ ಗೋಡೆ. ರಾತ್ರಿ ನಾಲ್ಕು ಜನ ಒಟ್ಟಿಗೆ ಕೂತು ಓದಿ, ನಾಚಿಕೆ ಬಿಟ್ಟು ಮೇಷ್ಟ್ರನ್ನು ಕೇಳಿ. ಜಾತಿ ಸರ್ಟಿಫಿಕೇಟು, ಅದರ ಆರ್.ಡಿ. ನಂಬರು, ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ ಸರ್ಟಿಫಿಕೇಟು, ಎಲ್ಲವನ್ನೂ ಈಗಲೇ ಮಾಡಿಸಿಡಿ. ಕೊನೇ ದಿನ ನಾಡಕಚೇರಿ ಮುಂದೆ ಅಳಬೇಡಿ.

ಇನ್ನು ಲಾಯಕ್ಕಿನ ಮಾತು. ನಮ್ಮವ್ವನಿಗೆ ಸಕ್ಕರೆ ಕಾಯಿಲೆ. ಅಂಗಡಿಯವನು ಕೈ ತಾಗದ ಹಾಗೆ ಮೇಲಿಂದ ಮಾತ್ರೆ ಉದುರಿಸಿದ. ಊಟದ ಸುದ್ದಿಯನ್ನೇ ಎತ್ತಲಿಲ್ಲ. ಅವ್ವ ಬರೀ ಹೊಟ್ಟೇಲಿ ನುಂಗಿ ಕಳೆ ಕೀಳೋಕೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಬೆವೆತು ಬದುವಿನ ಮೇಲೆ ಕುಸಿದಿದ್ದಳು. ಜೊತೆಯಲ್ಲಿದ್ದ ಹೆಂಗಸರು ಬೆಲ್ಲ ತಿನ್ನಿಸಿ ಉಳಿಸಿದರು. ಆ ಮನುಷ್ಯ ಎಷ್ಟು ಮಾರ್ಕ್ಸು ತೆಗೆದಿದ್ದನೋ ಕಾಣೆ. ಉಣ್ಣದೆ ಕೂಲಿಗೆ ಹೋಗುವ ಜನ ಇದ್ದಾರೆಂಬುದು ಅವನಿಗೆ ಬೇಕಾಗಿರಲಿಲ್ಲ. ನಮ್ಮ ತಮ್ಮನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇದಕ್ಕೆ ಯಾವ ಸಿ.ಇ.ಟಿ. ಮಾರ್ಕ್ಸು ಕೊಡುತ್ತದೆ?

ಆದರೆ ನಮ್ಮವರನ್ನೂ ಬೈಯಬೇಕು. ಡಾಕ್ಟರ ಚೀಟಿಗೆ ಔಷಧಿ ಕೊಡಬೇಕಾದವನು ನೋಂದಾಯಿತ ಫಾರ್ಮಸಿಸ್ಟ್ ಎಂದು 1948ರ ಫಾರ್ಮಸಿ ಕಾಯಿದೆ ಹೇಳುತ್ತದೆ. ಎಷ್ಟೋ ಅಂಗಡಿಗಳಲ್ಲಿ ಸರ್ಟಿಫಿಕೇಟು ಗೋಡೆ ಮೇಲಿರುತ್ತದೆ, ಅದರ ಒಡೆಯ ಇನ್ನೆಲ್ಲೋ ಇರುತ್ತಾನೆ. ತಿಂಗಳ ಬಾಡಿಗೆ ಮಾತ್ರ ಅವನಿಗೆ ತಲುಪುತ್ತದೆ. ಕೂಲಿ ದುಡ್ಡಲ್ಲಿ ಓದಿಸಿದ ಅವ್ವ, ಮಗನ ಸರ್ಟಿಫಿಕೇಟಿನ ಕೆಳಗೇ ನಿಂತು ಬೇರೆಯವನಿಂದ ಮಾತ್ರೆ ಉದುರಿಸಿಕೊಳ್ಳಬೇಕೇ? ಡಾಕ್ಟರಿ ಸಿಗಲಿಲ್ಲ, ಇದಾದರೂ ಇರಲಿ ಎಂದು ಬರುವವನೇ ಹೆಚ್ಚಾಗಿ ಹೀಗೆ ಬಾಡಿಗೆಗೆ ಕೂರುತ್ತಾನೆಂದು ನನ್ನ ಅನುಮಾನ.

ಅದಕ್ಕೇ ತಮ್ಮನನ್ನು ಒಂದೇ ಮಾತು ಕೇಳಿದೆ: "ಪಾಸಾದ ಮೇಲೆ ಸರ್ಟಿಫಿಕೇಟು ನಿಲ್ಲುತ್ತೋ, ನೀನು ನಿಲ್ತೀಯೋ?"

"ನಾನೇ ನಿಲ್ತೀನಣ್ಣ" ಅಂದ.

ಸೈಬರ್ ಅಂಗಡಿಗೆ ಹೋಗಿ ಅರ್ಜಿ ತುಂಬಿದೆವು. ಆರ್.ಡಿ. ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು. ಮತ್ತೆ ಮೊದಲಿಂದ ಕೂತೆವು.