ರಾಜಮಾರ್ಗ ನಮ್ಮದು, ಗಾಡಿಗಳು ಯಾರವು?

ಕಾಯಿಪಲ್ಲೆ ಮಾರುವ ಮುದುಕಿ ಮೊದಲ್ಗೊಂಡು ಜವಳಿಯ ಸಾಹುಕಾರನವರೆಗೆ ಎಲ್ಲರೂ ಇಂದು ಮೊಬೈಲಿನ ಮೂಲಕವೇ ಹಣ ಪಡೆಯುತ್ತಿರುವುದು ವಾಚಕರ ನಿತ್ಯಾನುಭವವಾಗಿದೆ. ಈ ಪರಿವರ್ತನೆಯನ್ನು ನಮ್ಮ ರಿಸರ್ವ್ ಬ್ಯಾಂಕು ಕೈಕಟ್ಟಿ ನೋಡುತ್ತ ಕೂಡಲಿಲ್ಲ. ಅದರ ಪ್ರೇರಣೆಯಿಂದ ಸ್ಥಾಪಿತವಾದ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿಯೇ ಯು.ಪಿ.ಐ. ಎಂಬ ರಾಜಮಾರ್ಗವನ್ನು ತೆರೆಯಿತು. ಅಮೆರಿಕದ ಫೆಡರಲ್ ರಿಸರ್ವ್ ಇಂತಹುದೇ ಏರ್ಪಾಡನ್ನು ಆರಂಭಿಸಿದುದು 2023ರಲ್ಲಿ. ಪಾವತಿಯ ಲೆಕ್ಕಪತ್ರವೆಲ್ಲ ಈ ದೇಶದೊಳಗೇ ಇರತಕ್ಕದ್ದೆಂದು ಬ್ಯಾಂಕು 2018ರಲ್ಲಿ ಆಜ್ಞಾಪಿಸಿತು. ಪಾಲಿಸದ ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಗಳು ಹೊಸ ಗ್ರಾಹಕರನ್ನು ಸೇರಿಸಿಕೊಳ್ಳಕೂಡದೆಂದು 2021ರಲ್ಲಿ ತಡೆಯೊಡ್ಡಿ, ಅವು ಆಜ್ಞೆಗೆ ಒಳಪಟ್ಟ ಮೇಲೆಯೇ ಅದನ್ನು ತೆಗೆಯಿತು. ಸ್ವತಂತ್ರ ರಾಷ್ಟ್ರದ ಬ್ಯಾಂಕಿಗೆ ಒಪ್ಪುವ ಈ ಧೈರ್ಯವನ್ನು ನಾವು ಮನಸಾರೆ ಶ್ಲಾಘಿಸುತ್ತೇವೆ.

ಆದರೆ ಮಾರ್ಗವು ನಮ್ಮದಾದ ಮಾತ್ರಕ್ಕೆ ಅದರ ಮೇಲೆ ಓಡುವ ಗಾಡಿಗಳೂ ನಮ್ಮವಾಗಲಿಲ್ಲ. 2025ರಲ್ಲಿ ಯು.ಪಿ.ಐ. ವ್ಯವಹಾರಗಳ ಸುಮಾರು ಐದರಲ್ಲಿ ನಾಲ್ಕು ಪಾಲು, ವಾಲ್‌ಮಾರ್ಟಿನ ಹಿಡಿತದ ಫೋನ್‌ಪೇ ಮತ್ತು ಅಮೆರಿಕದ ಗೂಗಲ್‌ಪೇ ಎಂಬ ಎರಡರ ಮೂಲಕವೇ ಸಾಗಿತು. ಯಾವ ಕಂಪನಿಯೂ ನೂರಕ್ಕೆ 30ಕ್ಕಿಂತ ಹೆಚ್ಚಿನ ಪಾಲು ಪಡೆಯಕೂಡದೆಂದು ನಿಗಮವು 2020ರಲ್ಲಿ ನಿಯಮ ಮಾಡಿದ್ದುಂಟು. ಗಡುವು ಮೊದಲು 2022ರ ಅಂತ್ಯವೆಂದಾಯಿತು, ಬಳಿಕ 2024 ಎಂದಾಯಿತು, ಆ ವರ್ಷದ ಕಡೆಯ ದಿನ ಮತ್ತೆ 2026ರ ಡಿಸೆಂಬರ್ 31ಕ್ಕೆ ಹೋಯಿತು. ಬಡ ಸಾಲಗಾರನಿಗೆ ಸಿಕ್ಕದ ವಾಯಿದೆ ಧನಾಢ್ಯರಿಗೆ ಇಷ್ಟು ಸುಲಭವಾಗಿ ಸಿಕ್ಕುವುದು ಏತಕ್ಕೆ?

ಕೋಟ್ಯಂತರ ಜನರ ವ್ಯವಹಾರವನ್ನು ಥಟ್ಟನೆ ತಡೆಯುವುದು ಹೇಗೆಂದು ಕೆಲವರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಆದರೆ ರೋಗದ ಮೂಲ ಬೇರೆಯಿದೆ. ಯು.ಪಿ.ಐ. ಪಾವತಿಗೆ ವರ್ತಕನಿಂದ ಶುಲ್ಕ ಪಡೆಯಕೂಡದೆಂಬ ಸರ್ಕಾರದ ಕಟ್ಟಳೆ 2020ರ ಜನವರಿಯಿಂದ ಜಾರಿಗೆ ಬಂದಿತು. ಸಣ್ಣ ವರ್ತಕನ ಹಿತಕ್ಕಾಗಿ ಮಾಡಿದ ಆ ಕಟ್ಟಳೆ ದೊಡ್ಡ ಕಂಪನಿಗಳಿಗೆ ಕೋಟೆಯಾಗಿ ಪರಿಣಮಿಸಿದೆ. ಆದಾಯವಿಲ್ಲದ ಕಸುಬಿನಲ್ಲಿ ವರ್ಷಗಟ್ಟಲೆ ನಷ್ಟ ಸಹಿಸುವ ಶಕ್ತಿ ಕೋಟ್ಯಧೀಶರಿಗುಂಟೇ ಹೊರತು ನಮ್ಮ ಸಹಕಾರಿ ಬ್ಯಾಂಕುಗಳಿಗಾಗಲಿ ಹೊಸ ಉದ್ಯಮಿಗಳಿಗಾಗಲಿ ಇಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಸಣ್ಣ ವರ್ತಕನಿಗೆ ಈ ಸೌಕರ್ಯ ಉಚಿತವಾಗಿಯೇ ಇರಲಿ. ದೊಡ್ಡ ವ್ಯಾಪಾರಿಗಳಿಂದ ಅಲ್ಪ ಶುಲ್ಕ ಪಡೆದು ಹೊಸಬರಿಗೆ ಬದುಕುವ ದಾರಿ ಮಾಡಲಿ. ಮಿತಿ ಮೀರಿದವರ ಹಳೆಯ ಗ್ರಾಹಕರಿಗೆ ತೊಂದರೆಯಾಗದಂತೆ, ಹೊಸ ಗ್ರಾಹಕರ ಸೇರ್ಪಡೆಯನ್ನು ಮಾತ್ರ ನಿಲ್ಲಿಸಲಿ. 2021ರಲ್ಲಿ ಪ್ರಯೋಗಿಸಿದ ಅಸ್ತ್ರ ಬ್ಯಾಂಕಿನ ಬತ್ತಳಿಕೆಯಲ್ಲಿ ಇದ್ದೇ ಇದೆ.

ಪರರ ಆಳ್ವಿಕೆಯಲ್ಲಿ 1935ರಲ್ಲಿ ಹುಟ್ಟಿ, 1949ರ ಜನವರಿಯಲ್ಲಿ ರಾಷ್ಟ್ರದ ಸ್ವತ್ತಾದ ಸಂಸ್ಥೆ ಇದು. ಸುಂಕದಕಟ್ಟೆಯನ್ನು ಪರರ ಕೈಗೆ ಬಿಟ್ಟು ರಸ್ತೆ ನಮ್ಮದೆಂದು ಹೆಮ್ಮೆಪಡುವುದು ಅದಕ್ಕೆ ಶೋಭಿಸದು.