ಆಣೆ ಸಾಲದು, ಸಂಗ ಬೇಕು

ಕುಡಿತ ಬಿಡುವೆನೆಂದು ಬಲಿಪೀಠದ ಮುಂದೆ ಆಣೆಯಿಟ್ಟು, ವಾರ ಕಳೆಯುವುದರೊಳಗೆ ಮತ್ತೆ ಹೆಂಡದಂಗಡಿಯ ಮೆಟ್ಟಿಲೇರಿದವರನ್ನು ನಾವು ಕಂಡಿದ್ದೇವೆ. ಮನೋಬಲ ಸಾಲದೆಂದು ಅಂಥವರನ್ನು ಗದರಿ ಕಳುಹಿಸಿದ್ದೂ ಉಂಟು. ಅದು ನಮ್ಮ ತಪ್ಪು. ಮದ್ಯವ್ಯಸನವು ಇಚ್ಛಾಶಕ್ತಿಯನ್ನೇ ಬಂಧಿಸುವ ರೋಗ. ಬಂಧಿತನು ತನ್ನ ಕಟ್ಟನ್ನು ತಾನೊಬ್ಬನೇ ಬಿಚ್ಚಿಕೊಳ್ಳುವುದು ದುಸ್ತರ.

1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ವ್ಯಸನಿಗಳು ಪರಸ್ಪರ ಆಸರೆಯಾದುದರಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಹುಟ್ಟಿತು. 1939ರಲ್ಲಿ ಅಲ್ಲಿಯ ಸಂತ ತೋಮರ ಆಸ್ಪತ್ರೆಯಲ್ಲಿ ವ್ಯಸನಿಗಳಿಗೆ ಹಾಸಿಗೆ ದೊರಕಿಸಿದವರು ಧರ್ಮಭಗಿನಿ ಇಗ್ನೇಷಿಯಾ. ಇಂದು ನಮ್ಮ ನಾಡಿನಲ್ಲೂ ಇದರ ಸಭೆಗಳು ನಡೆಯುತ್ತವೆ. ಶುಲ್ಕವಿಲ್ಲ, ಕುಡಿತ ಬಿಡುವ ಬಯಕೆಯೊಂದೇ ಅರ್ಹತೆ. ಕುಟುಂಬದವರಿಗೆ ‘ಅಲ್-ಅನಾನ್’ ಇದೆ. ಆದರೆ ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ಮೊದಲು ವೈದ್ಯರನ್ನು ಕಾಣಬೇಕು.

ನೆರೆಯವರು ನೋಡಿಯಾರೆಂಬ ನಾಚಿಕೆ ತಡೆಯುತ್ತಿದೆಯೇ? ಬಿದ್ದುದನ್ನು ಊರೆಲ್ಲ ಕಂಡಿದೆ. ಏಳುವುದನ್ನು ಕಂಡರೆ ನಷ್ಟವೇನು?

ಪಾಪನಿವೇದನೆಯಲ್ಲಿ ಕ್ಷಮೆ ದೊರೆಯುತ್ತದೆ. ಸಂಗದಲ್ಲಿ ಒಂದೊಂದೇ ದಿನವನ್ನು ಕುಡಿಯದೆ ಕಳೆಯುವ ಅಭ್ಯಾಸ ಬೆಳೆಯುತ್ತದೆ. ಎರಡೂ ಬೇಕು. ಸಭೆ ಎಲ್ಲಿ ನಡೆಯುವುದೆಂದು ತಿಳಿಯದವರು ತಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಲಿ. ಮೊದಲ ದಿನ ಒಬ್ಬರೇ ಹೋಗಲು ಅಳುಕಿದರೆ, ಹೊಸ್ತಿಲವರೆಗೆ ನಾವೇ ಜೊತೆಗೆ ಬರುತ್ತೇವೆ.